‘ಅಮ್ಮ’ ಬಂದಳೆಂದು ಸುಮ್ಮನಿರುವುದು ತರವೇ?

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತು ನಮ್ಮ ನಾಡಿನಲ್ಲಿ ಜಾತ್ರೆ, ರಥೋತ್ಸವ, ಮದುವೆಗಳ ಕಾಲ. ಚಳಿ ತಗ್ಗಿ ಬಿಸಿಲು ಏರುವ ಈ ಸಂಧಿಕಾಲದಲ್ಲಿಯೇ ಮಕ್ಕಳಲ್ಲಿ ಮೈತುಂಬ ಕೆಂಪು ದದ್ದೇಳುವ ಜ್ವರವೊಂದು ತಲೆದೋರುವುದು ವಾಡಿಕೆ. ಹಳೆಯ ಮೈಸೂರಿನ ಕಡೆ ಅದಕ್ಕೆ ದಡಾರ ಎನ್ನುತ್ತಾರೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗೊಬ್ಬರ ಎನ್ನುತ್ತಾರೆ. ಎರಡೂ ಕಡೆಗಳಲ್ಲಿ ಹಿರಿಯರು ದನಿ ತಗ್ಗಿಸಿ ಹೇಳುವ ಇನ್ನೊಂದು ಹೆಸರಿದೆ: ‘ಅಮ್ಮ’. ಹೆಸರು ಯಾವುದಾದರೇನು ಎಂದು ಕೇಳಬಹುದು. ದಡಾರವೆಂದು ಕರೆದ ಮನೆಯವರು ವೈದ್ಯರ ಬಳಿಗೆ ಹೋಗುತ್ತಾರೆ. ‘ಅಮ್ಮ’ ಎಂದು ಕರೆದ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ತಾನಾಗಿ ಬಂದವಳು ತಾನಾಗಿ ಹೋಗುತ್ತಾಳೆ ಎಂದು ಕಾದು ಕೂರುತ್ತಾರೆ. ಆದುದರಿಂದ ಹೆಸರಿನಲ್ಲಿಯೇ ಅರ್ಧ ಚಿಕಿತ್ಸೆ ನಿಂತಿದೆ ಎಂಬುದು ನಮ್ಮ ಅನುಭವ.

ಸುಮಾರು ನಾಲ್ಕು ದಶಕಗಳ ಕಾಲ ಆಯುರ್ವೇದ ವೃತ್ತಿಯಲ್ಲಿದ್ದು ಬಾಲರೋಗಗಳನ್ನು ನೋಡುತ್ತ ಬಂದಿರುವ ನಮಗೆ ಈ ವಿಷಯದಲ್ಲಿ ಒಂದು ಖಚಿತವಾದ ಅಭಿಪ್ರಾಯವಿದೆ. ಅದನ್ನು ಮರೆಮಾಚದೆ ಶರಣಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ದಡಾರಕ್ಕೆ ತಡೆ ಲಸಿಕೆಯೊಂದೇ. ಆಯುರ್ವೇದದ ಹೆಸರಿನಲ್ಲಿ ಲಸಿಕೆಯನ್ನು ನಿರಾಕರಿಸುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ಶರಣಧರ್ಮದ ಆಧಾರವೂ ಇಲ್ಲ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ದಡಾರವು ಒಂದು ವೈರಾಣುವಿನಿಂದ ಬರುತ್ತದೆ. ವೈರಾಣು ಮೈಹೊಕ್ಕ ಸುಮಾರು ಹತ್ತು ಹನ್ನೆರಡು ದಿನಗಳ ತನಕ ಮಗು ಎಂದಿನಂತೆಯೇ ಆಡಿಕೊಂಡಿರುತ್ತದೆ. ಆ ಬಳಿಕ ಜ್ವರ ಏರುತ್ತದೆ. ಜ್ವರದ ಜೊತೆಗೆ ಒಣಕೆಮ್ಮು, ಸುರಿಯುವ ಮೂಗು, ಕೆಂಪೇರಿ ನೀರು ಸೋರುವ ಕಣ್ಣು — ಈ ಮೂರೂ ಸೇರಿದವೆಂದರೆ ಅನುಭವಿಯಾದ ವೈದ್ಯನಿಗೆ ಅನುಮಾನ ಹುಟ್ಟಬೇಕು. ಮಗು ಬೆಳಕಿಗೆ ಮುಖ ಕೊಡದೆ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತದೆ. ಈ ಹಂತದಲ್ಲಿ ಬಾಯಿ ತೆರೆಸಿ ನೋಡಿದರೆ, ದವಡೆಹಲ್ಲುಗಳೆದುರಿಗೆ ಕೆನ್ನೆಯ ಒಳಮೈಯಲ್ಲಿ ಉಪ್ಪಿನ ಹರಳು ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು ಕಾಣಬಹುದು. 1896ರಲ್ಲಿ ಇವುಗಳ ಮಹತ್ವವನ್ನು ತಿಳಿಸಿಕೊಟ್ಟ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ಅವರ ಹೆಸರಿನಿಂದಲೇ ಇಂದಿಗೂ ಅವನ್ನು ಕರೆಯುತ್ತಾರೆ. ದದ್ದು ಏಳುವುದಕ್ಕೆ ಮುನ್ನವೇ ರೋಗವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಕುರುಹು ಇಲ್ಲ. ಆದರೆ ಒಂದೆರಡು ದಿನಗಳಲ್ಲಿ ಅವು ಮರೆಯಾಗುವುದರಿಂದ, ಕಾಣಲಿಲ್ಲವೆಂದ ಮಾತ್ರಕ್ಕೆ ದಡಾರವಲ್ಲವೆಂದು ಹೇಳುವಂತಿಲ್ಲ.

ಜ್ವರ ಬಂದ ಮೂರು ನಾಲ್ಕು ದಿನಗಳಿಗೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ಕೆಂಪು ದದ್ದು ಮೊದಲಾಗುತ್ತದೆ. ಅಲ್ಲಿಂದ ಮುಖ, ಕತ್ತು, ಎದೆ, ಬೆನ್ನು, ಕೈಕಾಲು ಹೀಗೆ ಮೇಲಿನಿಂದ ಕೆಳಗಿಳಿಯುತ್ತದೆ. ದದ್ದು ಏಳುವಾಗ ಜ್ವರ ಇನ್ನೂ ಏರುವುದುಂಟು. ಪಾದ ಮುಟ್ಟುವ ವೇಳೆಗೆ ಮುಖದ ಮೇಲಿನದು ಮಾಸತೊಡಗಿ ಕಂದುಬಣ್ಣಕ್ಕೆ ತಿರುಗುತ್ತದೆ, ಚರ್ಮ ಹೊಟ್ಟಿನಂತೆ ಸಣ್ಣಗೆ ಉದುರುತ್ತದೆ. ಸೀತಾಳೆಸಿಡುಬಿನಲ್ಲಿಯಾದರೋ ನೀರು ತುಂಬಿದ ಗುಳ್ಳೆಗಳೇಳುತ್ತವೆ, ತುರಿಕೆ ಬಹಳ. ದಡಾರದಲ್ಲಿ ನೀರ್ಗುಳ್ಳೆಯಿಲ್ಲ. ಇವೆರಡನ್ನೂ ‘ಅಮ್ಮ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಸೌಮ್ಯವಾದುದು ಯಾವುದು, ಅಪಾಯದ್ದು ಯಾವುದು ಎಂಬ ವಿವೇಚನೆ ತಪ್ಪಿಹೋಗುತ್ತದೆ.

ನಮ್ಮ ಪ್ರಾಚೀನರಿಗೆ ಈ ವಿವೇಚನೆಯಿತ್ತು. ಮಾಧವನಿದಾನದಲ್ಲಿ ಮಸೂರಿಕಾ ರೋಗಗಳನ್ನು ವಿವರಿಸುವಾಗ ರೋಮಾಂತಿಕಾ ಎಂಬುದನ್ನು ಬೇರೆಯಾಗಿಯೇ ಗುರುತಿಸಲಾಗಿದೆ. ರೋಮಕೂಪಗಳಷ್ಟೇ ಸಣ್ಣದಾಗಿ ಉಬ್ಬಿದ, ಕೆಂಪಾದ ದದ್ದು, ಅದಕ್ಕೆ ಮುನ್ನ ಜ್ವರ, ಜೊತೆಯಲ್ಲಿ ಕೆಮ್ಮು, ಅರುಚಿ, ದೋಷಗಳು ಕಫ-ಪಿತ್ತ. ಇಂದಿನ ಮಕ್ಕಳ ವೈದ್ಯರು ಕೊಡುವ ಲಕ್ಷಣಗಳಿಗೂ ಇದಕ್ಕೂ ಎಷ್ಟು ಹತ್ತಿರ! ಇನ್ನು ಅಂಟುರೋಗದ ವಿಚಾರಕ್ಕೆ ಬಂದರೆ, ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕುಷ್ಠನಿದಾನದ ಕೊನೆಯಲ್ಲಿ, ದೇಹಸ್ಪರ್ಶ, ಉಸಿರು, ಸಹಭೋಜನ, ಒಂದೇ ಹಾಸಿಗೆ, ಒಬ್ಬರು ಉಟ್ಟ ಬಟ್ಟೆ, ಮುಡಿದ ಮಾಲೆ ಇವುಗಳ ಮೂಲಕ ಕೆಲವು ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತವೆ ಎಂದು ಸ್ಪಷ್ಟವಾಗಿ ಹೇಳಿದೆ. ಅವುಗಳಲ್ಲಿ ಜ್ವರವೂ ಒಂದು. ಇಲ್ಲಿ ದೇವತೆಯ ಮುನಿಸಿನ ಮಾತಿಲ್ಲ. ಉಸಿರಿನ ಮಾತಿದೆ.

ಉಸಿರಿನ ಮಾತು ದಡಾರಕ್ಕೆ ಒಪ್ಪುವಷ್ಟು ಬೇರಾವ ರೋಗಕ್ಕೂ ಒಪ್ಪಲಾರದು. ರೋಗಿಯು ಕೆಮ್ಮಿ, ಸೀನಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಗಳವರೆಗೂ ಉಳಿಯಬಲ್ಲದು. ರೋಧಶಕ್ತಿಯಿಲ್ಲದ ಹತ್ತು ಮಂದಿ ಅಂತಹ ರೋಗಿಯ ಸಂಪರ್ಕಕ್ಕೆ ಬಂದರೆ ಒಂಬತ್ತು ಮಂದಿಗೆ ಹತ್ತುತ್ತದೆ. ದದ್ದು ಕಾಣಿಸುವ ನಾಲ್ಕು ದಿನ ಮೊದಲಿನಿಂದಲೇ ಮಗು ರೋಗವನ್ನು ಹರಡುತ್ತಿರುತ್ತದೆಯಾದ್ದರಿಂದ, ‘ದದ್ದು ಕಂಡ ಕೂಡಲೇ ದೂರವಿಟ್ಟೆವು’ ಎನ್ನುವ ಎಚ್ಚರಿಕೆ ಒಳ್ಳೆಯದಾದರೂ ಸಾಲದು. ಅಷ್ಟರಲ್ಲಾಗಲೇ ಅಂಗನವಾಡಿಯೂ, ಬಸ್ಸೂ, ಜಾತ್ರೆಯ ಪ್ರಸಾದದ ಪಂಕ್ತಿಯೂ ಮುಗಿದಿರುತ್ತವೆ.

ಈ ಸಂಬಂಧದಲ್ಲಿ ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ವೃತ್ತಾಂತವಿದೆ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1846ರಲ್ಲಿ ದಡಾರ ಕಾಣಿಸಿಕೊಂಡಿತು. ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಎಂಬ ತರುಣ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಆತ ಮನೆಮನೆಗೆ ಅಲೆದು ವಿಚಾರಿಸಿದಾಗ ಒಂದು ಸೋಜಿಗದ ಸಂಗತಿ ತಿಳಿಯಿತು. ಆ ದ್ವೀಪಗಳಿಗೆ ಹಿಂದೆ ದಡಾರ ಬಂದದ್ದು 1781ರಲ್ಲಿ, ಅಂದರೆ 65 ವರ್ಷಗಳ ಹಿಂದೆ. ಆಗ ರೋಗವುಂಡು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಅದು ತಗುಲಲಿಲ್ಲ. ಒಮ್ಮೆ ಬಂದು ಹೋದರೆ ಜೀವಮಾನವಿಡೀ ರಕ್ಷೆ ಎಂಬುದು ಹೀಗೆ ಖಚಿತವಾಯಿತು. ರೋಗವನ್ನು ಅನುಭವಿಸದೆಯೇ ಆ ರಕ್ಷೆಯನ್ನು ಪಡೆಯುವ ಉಪಾಯವೇ ಲಸಿಕೆ. 1963ರಲ್ಲಿ ಅದು ಬಳಕೆಗೆ ಬಂದಿತು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 1985ರಿಂದ ದೊರೆಯುತ್ತಿದೆ.

‘ನಮ್ಮ ಕಾಲದಲ್ಲಿ ಎಲ್ಲರಿಗೂ ಬರುತ್ತಿತ್ತು, ನಾವೇನು ಸತ್ತೆವೇ?’ ಎಂದು ಕೇಳುವ ಅಜ್ಜಂದಿರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಮಾತನ್ನು ನಾವು ಗೌರವದಿಂದಲೇ ಕೇಳುತ್ತೇವೆ. ಆದರೆ ಈ ಪ್ರಶ್ನೆಯನ್ನು ಕೇಳಲು ಬದುಕಿ ಉಳಿದವರು ಮಾತ್ರ ಇದ್ದಾರೆ ಎಂಬುದನ್ನು ಮರೆಯಬಾರದು. ಆರು ಹೆತ್ತು ಮೂರು ಉಳಿಸಿಕೊಂಡೆ ಎಂದು ಹೇಳುತ್ತಿದ್ದ ಅಜ್ಜಿಯರ ಲೆಕ್ಕವನ್ನು ಅಜ್ಜಂದಿರು ಬಿಟ್ಟುಬಿಡುತ್ತಾರೆ. ಲಸಿಕೆ ಬರುವುದಕ್ಕೆ ಮುನ್ನ ಜಗತ್ತಿನಲ್ಲಿ ದಡಾರದಿಂದ ವರ್ಷವೊಂದಕ್ಕೆ ಸುಮಾರು 26 ಲಕ್ಷ ಜನ, ಅವರಲ್ಲಿ ಬಹುಪಾಲು ಮಕ್ಕಳು, ತೀರಿಕೊಳ್ಳುತ್ತಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಸಿಕೆ ಇಷ್ಟು ವ್ಯಾಪಕವಾದ ಮೇಲೂ 2023ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾವುಗಳಾದವು.

ಕೊಲ್ಲುವುದು ದದ್ದಲ್ಲ. ದದ್ದು ಕೇವಲ ಹೊರಗಿನ ಬರಹ. ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು, ಕರುಳಿಗೆ ಇಳಿದು ಭೇದಿಯಾಗಿ ಮೈಯ ನೀರೆಲ್ಲ ಹರಿದುಹೋಗುವುದು ಇವೇ ಸಾವಿನ ಮುಖ್ಯ ದಾರಿಗಳು. ಕಿವಿ ಸೋರಿ ಕಿವುಡಾದ ಮಕ್ಕಳನ್ನು, ಎ ಜೀವಸತ್ವದ ಕೊರತೆಯಿದ್ದು ದಡಾರ ಬಂದ ಮೇಲೆ ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾಗಿ ದೃಷ್ಟಿ ಕಳೆದುಕೊಂಡವರನ್ನು ನಮ್ಮ ವೃತ್ತಿಯ ಆರಂಭದ ವರ್ಷಗಳಲ್ಲಿ ಕಂಡಿದ್ದೇವೆ. ಸಾವಿರದಲ್ಲೊಂದು ಮಗುವಿಗೆ ಮಿದುಳಿನ ಉರಿಯೂತವಾಗುತ್ತದೆ. ಅಪರೂಪವಾಗಿ, ರೋಗ ವಾಸಿಯಾಗಿ ಏಳೆಂಟು ವರ್ಷಗಳಾದ ಮೇಲೆ, ಚೆನ್ನಾಗಿ ಓದುತ್ತಿದ್ದ ಹುಡುಗ ಮಂಕಾಗಿ, ಕೈಕಾಲು ಅದುರಿ, ಕ್ರಮೇಣ ಎಲ್ಲವನ್ನೂ ಮರೆತು ಹಾಸಿಗೆ ಹಿಡಿಯುವ ಒಂದು ಭೀಕರ ವ್ಯಾಧಿಯೂ ಇದೇ ವೈರಾಣುವಿನ ಕೊಡುಗೆ. ಅದಕ್ಕೆ ಅಲೋಪಥಿಯಲ್ಲಾಗಲಿ ಆಯುರ್ವೇದದಲ್ಲಾಗಲಿ ಗುಣಪಡಿಸುವ ಔಷಧವಿಲ್ಲ.

ಇನ್ನೊಂದು ವಿಷಯ ಇತ್ತೀಚೆಗೆ, 2019ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಬೇರೆ ರೋಗಗಳ ವಿರುದ್ಧ ಮಗುವಿನ ಶರೀರವು ಅದುವರೆಗೆ ಗಳಿಸಿ ಕೂಡಿಟ್ಟ ರೋಧಶಕ್ತಿಯ ನೆನಪನ್ನು ದಡಾರದ ವೈರಾಣು ಅಳಿಸಿಹಾಕುತ್ತದೆ. ಆದ್ದರಿಂದಲೇ ದಡಾರವೆದ್ದು ಹೋದ ಮೇಲೆ ತಿಂಗಳುಗಟ್ಟಲೆ ಮಗು ಒಂದಿಲ್ಲೊಂದು ಕಾಯಿಲೆಯಿಂದ ನರಳುತ್ತಿರುತ್ತದೆ. ‘ಗೊಬ್ಬರ ಎದ್ದಾಗಿನಿಂದ ಕೂಸು ಮೈಹತ್ತಲೇ ಇಲ್ಲ’ ಎಂದು ತಾಯಂದಿರು ಹಿಂದಿನಿಂದಲೂ ಹೇಳುತ್ತ ಬಂದದ್ದು ಬರಿಯ ಮಾತಲ್ಲ. ‘ರೋಗ ಬಂದುಹೋದರೆ ಶಕ್ತಿ ಬೆಳೆಯುತ್ತದೆ’ ಎಂದು ವಾದಿಸುವವರು ಈ ತಾಯಂದಿರನ್ನು ಕೇಳಲಿ.

ಇನ್ನು ಮನೆಮನೆಯ ಆಚರಣೆಗಳ ವಿಚಾರ. ಎಲ್ಲವನ್ನೂ ಮೂಢನಂಬಿಕೆಯೆಂದು ತಳ್ಳಿಹಾಕುವುದು ನಮ್ಮ ಕ್ರಮವಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದರಿಂದ ವೈರಾಣು ಓಡುವುದಿಲ್ಲ, ಆದರೆ ಆ ಸೊಪ್ಪನ್ನು ಕಂಡ ನೆರೆಯವರು ತಮ್ಮ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಅದು ಊರು ತಾನೇ ಕಂಡುಕೊಂಡ ಎಚ್ಚರಿಕೆಯ ಫಲಕ. ಮಂದಬೆಳಕಿನ ಕೋಣೆ ಕೆಂಪಾದ ಕಣ್ಣಿಗೆ ಹಿತ. ಒಗ್ಗರಣೆಯ ಘಾಟು ಕೆಮ್ಮುವ ಮಗುವಿಗೆ ತೊಂದರೆಯಾದ್ದರಿಂದ ಕೆಲವು ದಿನ ಒಗ್ಗರಣೆ ಹಾಕದಿದ್ದರೆ ನಷ್ಟವೇನೂ ಇಲ್ಲ. ಬೇವಿನೆಲೆಯಿಂದ ಮೃದುವಾಗಿ ಸವರಿದರೆ ಹಾಯೆನಿಸುತ್ತದೆ. ಇಷ್ಟನ್ನು ಉಳಿಸಿಕೊಳ್ಳಲಿ.

ಆದರೆ ‘ಅಮ್ಮ ಇರುವಾಗ ಔಷಧ ಕೊಡಬಾರದು’ ಎಂಬ ಕಟ್ಟಳೆ ಮಗುವಿನ ಪ್ರಾಣಕ್ಕೆ ಎರವಾಗುವಂಥದು. ಜ್ವರದ ಮಗುವಿಗೆ ಅನ್ನ ನೀರು ಮಿತಗೊಳಿಸುವುದೂ ಅಂತಹುದೇ. ಕೆಲವರು ಇಲ್ಲಿ ಆಯುರ್ವೇದವನ್ನು ಎಳೆದುತಂದು, ಜ್ವರಕ್ಕೆ ಲಂಘನವೇ ಮೊದಲ ಚಿಕಿತ್ಸೆಯಲ್ಲವೇ ಎಂದು ನಮ್ಮನ್ನೇ ಕೇಳಿದ್ದಾರೆ. ಅರ್ಧ ಶ್ಲೋಕವನ್ನು ಓದಿದರೆ ಹೀಗಾಗುತ್ತದೆ. ಬಾಲರು, ವೃದ್ಧರು, ಗರ್ಭಿಣಿಯರು, ದುರ್ಬಲರು ಲಂಘನಕ್ಕೆ ಅರ್ಹರಲ್ಲವೆಂದು ಶಾಸ್ತ್ರವು ಅಲ್ಲಿಯೇ ಹೊರಗಿಟ್ಟಿದೆ. ದಡಾರದ ಮಗು ಬಾಲನೂ ಹೌದು, ದುರ್ಬಲನೂ ಹೌದು. ಎದೆಹಾಲು ಕುಡಿಯುವ ಕೂಸಿಗೆ ಹಾಲನ್ನು ನಿಲ್ಲಿಸಲೇಬಾರದು. ಇನ್ನೂ ಹೆಚ್ಚು ಬಾರಿ ಕುಡಿಸಬೇಕು. ದೊಡ್ಡ ಮಕ್ಕಳಿಗೆ ಅಕ್ಕಿಯ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗೆ ಬೇಯಿಸಿದ ಅನ್ನ, ದಾಳಿಂಬೆಯ ರಸ, ನೆನೆಸಿ ಕಿವುಚಿದ ಒಣದ್ರಾಕ್ಷಿಯ ನೀರು ಇವನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಬೇಕು. ಬಾಯಾರಿಕೆ ಹೆಚ್ಚಿದ್ದರೆ ಭದ್ರಮುಷ್ಟಿ, ಪರ್ಪಾಟಕ, ಲಾವಂಚ, ಚಂದನ, ಬಾಳದಬೇರು, ಶುಂಠಿ ಸೇರಿಸಿ ಕುದಿಸಿ ತಣಿಸಿದ ಷಡಂಗಪಾನೀಯವನ್ನು ವೈದ್ಯರ ಸಲಹೆಯಂತೆ ಕೊಡಬಹುದು. ಭೇದಿಯಾಗುತ್ತಿದ್ದರೆ ಓಆರ್‌ಎಸ್ ಪುಡಿಯ ನೀರೇ ಮೇಲು, ಅಲ್ಲಿ ಷಡಂಗದ ಹಟ ಬೇಡ. ಜ್ವರಕ್ಕೆ ಮಗುವಿನ ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲ್ ಕೊಡುವುದರಲ್ಲಿ ತಪ್ಪಿಲ್ಲ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೂಡದು.

ಕಣ್ಣಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಬಟ್ಟೆಯನ್ನದ್ದಿ ಪಿಸುರನ್ನು ಒರೆಸಿ, ಅಷ್ಟೇ. ಎದೆಹಾಲು, ಜೇನು, ನಂದಿಬಟ್ಟಲ ಹೂವಿನ ರಸ, ಸೊಪ್ಪಿನ ರಸ, ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಬೇರೆ ಸಂದರ್ಭದಲ್ಲಿ ಅವುಗಳ ಗುಣಾವಗುಣ ಏನೇ ಇರಲಿ, ದಡಾರದಲ್ಲಿ ಕರಿಗುಡ್ಡೆ ಮೊದಲೇ ಬಳಲಿರುತ್ತದೆ.

ದಡಾರವೆಂದು ಅನುಮಾನವಾದ ಪ್ರತಿಯೊಂದು ಮಗುವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಲೇಬೇಕೆಂದು ನಾವು ಹೇಳುವುದಕ್ಕೆ ಎ ಜೀವಸತ್ವವು ಒಂದು ಮುಖ್ಯ ಕಾರಣ. ರೋಗ ಗೊತ್ತಾದ ದಿನ ಒಂದು, ಮರುದಿನ ಇನ್ನೊಂದು ಹೀಗೆ ಎರಡು ಪ್ರಮಾಣಗಳಲ್ಲಿ ಅದನ್ನು ಕುಡಿಸುತ್ತಾರೆ. ಒಂದು ವರ್ಷ ತುಂಬಿದ ಮಕ್ಕಳಿಗೆ ಪ್ರತಿ ಸಲ ಎರಡು ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳಿನವರಿಗೆ ಒಂದು ಲಕ್ಷ, ಅದಕ್ಕೂ ಎಳೆಯ ಕೂಸುಗಳಿಗೆ ಐವತ್ತು ಸಾವಿರ. ಇದರಿಂದ ಕುರುಡುತನವೂ ಸಾವೂ ಕಡಿಮೆಯಾಗುತ್ತವೆ. ಆದರೆ ಇದು ರೋಗ ಬಂದವರಿಗೆ ಕೊಡುವ ಚಿಕಿತ್ಸೆ, ರೋಗ ಬಾರದಂತೆ ಕಾಯುವ ರಕ್ಷೆಯಲ್ಲ. 2025ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ದಡಾರ ಹಬ್ಬಿ, ಲಸಿಕೆ ಪಡೆಯದಿದ್ದ ಇಬ್ಬರು ಶಾಲಾಮಕ್ಕಳು ತೀರಿಕೊಂಡಾಗ, ಕೆಲವು ತಂದೆತಾಯಿಗಳು ಲಸಿಕೆಗೆ ಬದಲಾಗಿ ಮನೆಯಲ್ಲಿಯೇ ಎ ಜೀವಸತ್ವವನ್ನು ಅತಿಯಾಗಿ ಕುಡಿಸಿದ ಪರಿಣಾಮ, ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅದರ ವಿಷಲಕ್ಷಣಗಳು ಕಂಡುಬಂದವು. 2000ದಲ್ಲಿ ದಡಾರ ನಮ್ಮಲ್ಲಿ ಇಲ್ಲವಾಯಿತೆಂದು ಘೋಷಿಸಿಕೊಂಡ ದೇಶದ ಕಥೆ ಇದು. ಅಲ್ಲಿ ನೆಲೆಸಿರುವ ನಮ್ಮ ಭಕ್ತ ಕುಟುಂಬಗಳೂ ಈ ಮಾತನ್ನು ಗಮನಿಸಬೇಕು.

ಮನೆಯಲ್ಲಿ ಆರೈಕೆ ಮಾಡುತ್ತಿರುವಾಗ ಉಸಿರಾಟವನ್ನು ಎಣಿಸುವುದನ್ನು ತಾಯಂದಿರು ಕಲಿತುಕೊಳ್ಳಲಿ. ಮಗು ಅಳದೆ ಮಲಗಿರುವಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40, ಅದನ್ನು ಮುಟ್ಟಿದರೆ ಅಥವಾ ಮೀರಿದರೆ ನ್ಯುಮೋನಿಯಾದ ಶಂಕೆ. ಪಕ್ಕೆಲುಬುಗಳ ಕೆಳಗೆ ಗುಳಿಬೀಳುವುದು, ಏನನ್ನೂ ಕುಡಿಯಲಾಗದಿರುವುದು, ಫಿಟ್ಸು, ಎಬ್ಬಿಸಿದರೂ ಏಳದಷ್ಟು ಮಂಪರು, ಕಣ್ಣಿನ ಕರಿಗುಡ್ಡೆ ಮಸುಕಾಗುವುದು, ದದ್ದು ಇಳಿದ ಮೇಲೂ ಜ್ವರ ಬಿಡದಿರುವುದು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ಮಗುವನ್ನು ನಮ್ಮಂತಹ ಆಯುರ್ವೇದ ವೈದ್ಯರ ಕೋಣೆಯಲ್ಲಿ ಕೂರಿಸಿಕೊಂಡು ಹೊತ್ತು ಕಳೆಯುವುದೂ ಸಲ್ಲದು. ಆಮ್ಲಜನಕವಿರುವ ಕಡೆಗೆ ಕಳುಹಿಸುವುದೇ ಅಲ್ಲಿ ವೈದ್ಯಧರ್ಮ.

ಲಸಿಕೆಯ ವಿಚಾರದಲ್ಲಿ ಹೆಚ್ಚಿನ ಜನರಿಗೆ ತಿಳಿಯದಿರುವುದು ಎರಡನೆಯ ಡೋಸಿನ ಮಹತ್ವ. ಸರ್ಕಾರದ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ವರ್ಷದೊಳಗೆ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಮ್ಮೆ, ಬಲತೋಳಿನಲ್ಲಿ, ಉಚಿತವಾಗಿ ಹಾಕುತ್ತಾರೆ. ಮೊದಲನೆಯದನ್ನು ಹಾಕಿಸಿದವರು ಎರಡನೆಯದನ್ನು ಬರಿಯ ಬಲವರ್ಧಕವೆಂದು ಭಾವಿಸಿ, ‘ಒಂದು ಆಗಿದೆಯಲ್ಲ’ ಎಂದು ಬಿಟ್ಟುಬಿಡುತ್ತಾರೆ. ವಾಸ್ತವ ಬೇರೆ. ಒಂಬತ್ತು ತಿಂಗಳಿನಲ್ಲಿ ಹಾಕಿದ ಮೊದಲ ಡೋಸು ನೂರರಲ್ಲಿ ಸುಮಾರು 85 ಮಕ್ಕಳಲ್ಲಿ ಮಾತ್ರ ರಕ್ಷೆ ಹುಟ್ಟಿಸುತ್ತದೆ. ತಾಯಿಯಿಂದ ಬಂದ ರೋಧವಸ್ತುಗಳು ಇನ್ನೂ ಉಳಿದಿರುವುದೇ ಮೊದಲಾದ ಕಾರಣಗಳಿಂದ ಮಿಕ್ಕ 15 ಮಕ್ಕಳಲ್ಲಿ ಅದು ಹತ್ತುವುದೇ ಇಲ್ಲ. ಯಾವ ಮಗು ಆ 15ರಲ್ಲಿ ಸೇರಿದೆ ಎಂದು ಹೊರಗಿನಿಂದ ತಿಳಿಯುವುದೂ ಇಲ್ಲ. ವರ್ಷಕ್ಕೆ ನೂರು ಹೆರಿಗೆಗಳಾಗುವ ಒಂದು ಊರನ್ನು ಭಾವಿಸಿಕೊಳ್ಳಿ. ಒಂದು ಮಗುವೂ ತಪ್ಪದಂತೆ ಎಲ್ಲರಿಗೂ ಮೊದಲ ಡೋಸು ಹಾಕಿದರೂ ಐದು ವರ್ಷಗಳಲ್ಲಿ 75 ಮಕ್ಕಳು ಬಯಲಿನಲ್ಲಿ ನಿಂತಿರುತ್ತಾರೆ. ಅಷ್ಟು ಮಕ್ಕಳು ಒಂದು ಶಾಲೆಯಲ್ಲಿ ಸೇರಿದರೆ ಸಾಕು, ಹೊರಗಿನಿಂದ ಬಂದ ಒಂದು ಕಿಡಿಗೆ ಹುಲ್ಲಿನ ಬಣವೆ ಸಿದ್ಧವಾಯಿತು. ಎರಡು ಡೋಸುಗಳಾದಾಗ ರಕ್ಷೆ ನೂರಕ್ಕೆ 97ರಷ್ಟಾಗುತ್ತದೆ. ಊರಿನಲ್ಲಿ ನೂರಕ್ಕೆ 95 ಮಂದಿಗೆ ರಕ್ಷೆಯಿದ್ದರೆ ಮಾತ್ರ ರೋಗ ಹರಡದೆ ನಿಲ್ಲುತ್ತದೆ.

ಈ ನಿಲುಗಡೆಯ ಫಲವನ್ನು ಉಣ್ಣುವವರು ಮುಖ್ಯವಾಗಿ ಲಸಿಕೆ ಹಾಕಿಸಿಕೊಳ್ಳಲಾಗದವರು. ಒಂಬತ್ತು ತಿಂಗಳು ತುಂಬದ ಕೂಸುಗಳು, ಗರ್ಭಿಣಿಯರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಕ್ಕಳು ಇವರಿಗೆ ಈ ಸಜೀವ ಲಸಿಕೆಯನ್ನು ಸಾಮಾನ್ಯವಾಗಿ ಹಾಕುವಂತಿಲ್ಲ. ಇವರ ಸುತ್ತಲಿನವರೇ ಇವರಿಗೆ ಗೋಡೆ. ದಾಸೋಹವೆಂಬುದು ಅನ್ನದಿಂದ ಮಾತ್ರ ಆಗತಕ್ಕದ್ದೆಂದು ನಾವು ತಿಳಿದಿಲ್ಲ.

ಎರಡನೆಯ ಡೋಸು ಎಲ್ಲಿ ತಪ್ಪುತ್ತದೆ ಎಂದು ವಿಚಾರಿಸಿದರೆ ಬಹಳ ಸಲ ಹಟವೇ ಕಾರಣವಲ್ಲ. ಬಾಣಂತನ ತವರಿನಲ್ಲಿ ಆಗಿರುತ್ತದೆ, ತಾಯಿ ಕಾರ್ಡು ಅಲ್ಲಿಯ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋದ ಕುಟುಂಬ ಮಗುವಿನ ಹದಿನಾರನೆಯ ತಿಂಗಳಿನಲ್ಲಿ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುತ್ತದೆ, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರು ಊರಿನಲ್ಲಿ ಇರುತ್ತದೆ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮುಂತಾದ ಕಿಕ್ಕಿರಿದ ವಸತಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೋವಿಡ್ ಕಾಲದಲ್ಲಿ ತಪ್ಪಿಹೋದ ಲಸಿಕೆಗಳ ಬಾಕಿ ಅಲ್ಲಿ ವಸೂಲಾಯಿತು.

ಹಟವೂ ಇಲ್ಲದಿಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಮೊದಲಾದಾಗ, ಈ ಚುಚ್ಚುಮದ್ದಿನಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ವಾಟ್ಸ್‌ಆ್ಯಪಿನಲ್ಲಿ ಹಬ್ಬಿತ್ತು. ಸತ್ಯ ಇದಕ್ಕೆ ತದ್ವಿರುದ್ಧ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಗರ್ಭಪಾತವಾಗುತ್ತದೆ, ಇಲ್ಲವೇ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರುತ್ತವೆ. ಇಂದು ಲಸಿಕೆ ಪಡೆದ ಹೆಣ್ಣುಮಗು ಮುಂದೆ ತಾಯಿಯಾಗುವಾಗ ಹುಟ್ಟುವ ಕೂಸಿಗೂ ಅದು ರಕ್ಷೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತಿಗೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಇದರ ಮೇಲೆ ಹೆಚ್ಚಿಗೆ ಬರೆಯುವ ಅಗತ್ಯವಿಲ್ಲ. ಲಸಿಕೆ ಹಾಕಿದ ಏಳೆಂಟು ದಿನಗಳಿಗೆ ಕೆಲವು ಮಕ್ಕಳಿಗೆ ಜ್ವರ, ತೆಳುವಾದ ದದ್ದು ಬಂದು ಎರಡು ದಿನಗಳಲ್ಲಿ ಇಳಿಯುತ್ತದೆ. ಹೆದರಬೇಕಾಗಿಲ್ಲ.

‘ಅಮ್ಮ’ನ ಭಯವುಳ್ಳವರಿಗೆ ಮೈಸೂರಿನದೇ ಒಂದು ಉದಾಹರಣೆಯಿದೆ. ಸಿಡುಬಿಗೆ ಲಸಿಕೆ ಆಗತಾನೇ ಭಾರತಕ್ಕೆ ಬಂದಿದ್ದ ಕಾಲದಲ್ಲಿ ಮೈಸೂರಿನ ಅರಮನೆಯ ಹೆಂಗಸರು ಅದನ್ನು ಹಾಕಿಸಿಕೊಂಡು ಪ್ರಜೆಗಳಿಗೆ ಮೇಲ್ಪಂಕ್ತಿಯಾದರು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ವರ್ಣಚಿತ್ರವೊಂದರಲ್ಲಿರುವವರು ಅವರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಸಿಡುಬನ್ನೂ ಜನ ‘ಅಮ್ಮ’ ಎಂದೇ ಕರೆಯುತ್ತಿದ್ದರು. ಲಸಿಕೆ ಊರೂರಿಗೆ ತಲುಪಿತು. 1975ರ ಬಳಿಕ ಭಾರತದಲ್ಲಿ ಸಿಡುಬಿಲ್ಲ. ಯಾವ ದೇವತೆಯೂ ಮುನಿಯಲಿಲ್ಲ. ಇಷ್ಟಲಿಂಗವೊಂದನ್ನೇ ನೆಚ್ಚಿ, ಭಯದಿಂದ ಹುಟ್ಟಿದ ಕ್ಷುದ್ರದೈವಗಳ ಆರಾಧನೆಯನ್ನು ಬಸವಾದಿ ಶರಣರು ನಿರಾಕರಿಸಿದರು. ವೈದ್ಯ ಸಂಗಣ್ಣನಂತಹ ಶರಣರು ವೈದ್ಯವನ್ನೇ ಕಾಯಕವಾಗಿ ಮಾಡಿದರು. ಕೊರಳಲ್ಲಿ ಲಿಂಗ ಧರಿಸಿದ ತಾಯಿ, ಮಗುವಿಗೆ ಔಷಧ ಕೊಟ್ಟರೆ ‘ಅಮ್ಮ’ ಮುನಿದಾಳೆಂದು ನಡುಗುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಕೊನೆಯದಾಗಿ ನಮ್ಮ ವೃತ್ತಿಬಾಂಧವರ ಮಾತು. ಇದನ್ನು ಬರೆಯುವುದರಿಂದ ಕೆಲವು ಸ್ನೇಹಿತರಿಗೆ ಅಸಮಾಧಾನವಾಗಬಹುದು. ಪ್ರತಿ ಪುಷ್ಯ ನಕ್ಷತ್ರದ ದಿನ ಅನೇಕ ಊರುಗಳಲ್ಲಿ ಮಕ್ಕಳಿಗೆ ಸುವರ್ಣಪ್ರಾಶನ ಮಾಡಿಸುತ್ತಾರೆ. ಕಾಶ್ಯಪ ಸಂಹಿತೆಯಲ್ಲಿ ಹೇಳಿರುವ ಈ ಪ್ರಯೋಗವನ್ನು ನಾವೂ ಮಾಡಿಸುತ್ತೇವೆ. ಮೇಧಾ, ಅಗ್ನಿ, ಬಲಗಳ ವೃದ್ಧಿಗೆ ಅದನ್ನು ಅಲ್ಲಿ ಹೇಳಿದೆ. ಆದರೆ ಅದನ್ನು ‘ಆಯುರ್ವೇದದ ಲಸಿಕೆ’ ಎಂದು ಫಲಕ ಬರೆಸಿ ಹಾಕುವುದನ್ನು ನಾವು ಕಂಡಿದ್ದೇವೆ. ಶಾಸ್ತ್ರವು ಹೇಳದಿರುವುದನ್ನು ಶಾಸ್ತ್ರದ ಬಾಯಿಂದ ಹೇಳಿಸುವುದು ಇದು. ಆ ಫಲಕವನ್ನು ನಂಬಿದ ತಾಯಿ ಅಂಗನವಾಡಿಯ ಲಸಿಕೆಯ ದಿನವನ್ನು ತಪ್ಪಿಸಿಕೊಂಡರೆ ಹೊಣೆ ಯಾರದು? ಸುವರ್ಣಪ್ರಾಶನದಿಂದ ದಡಾರದ ವಿರುದ್ಧ ರಕ್ಷೆ ಹುಟ್ಟುವುದಿಲ್ಲ. ಹೀಗೆಂದು ಹೇಳುವುದರಿಂದ ಆಯುರ್ವೇದದ ಗೌರವ ಕುಂದುತ್ತದೆ ಎಂದು ನಮಗೆ ಅನಿಸುವುದಿಲ್ಲ. ಹೇಳದಿದ್ದರೆ, ಮಗು ಸತ್ತ ದಿನ ಕುಂದುತ್ತದೆ.

ಹಾಗೆಂದು ಪುಷ್ಯ ನಕ್ಷತ್ರದ ಸಾಲನ್ನು ನಿಲ್ಲಿಸಬೇಕೆಂದಲ್ಲ. ಆ ಸಾಲಿಗೆ ತಿಂಗಳು ತಪ್ಪದೆ ಬರುವ ತಾಯಂದಿರು ಮಕ್ಕಳ ಆರೋಗ್ಯದಲ್ಲಿ ಅಷ್ಟೊಂದು ಶ್ರದ್ಧೆಯುಳ್ಳವರು. ಹನಿ ಹಾಕುವ ಮುನ್ನ ಅವರ ಕೈಯಲ್ಲಿರುವ ತಾಯಿ ಕಾರ್ಡನ್ನು ತೆರೆದು ನೋಡಿ, ದಡಾರ-ರುಬೆಲ್ಲಾದ ಎರಡು ಚೌಕಗಳಲ್ಲಿ ದಿನಾಂಕ ಬಿದ್ದಿದೆಯೇ ಎಂದು ಕೇಳಿದರೆ ಸಾಕು. ನಮ್ಮಲ್ಲಿ ಇದನ್ನು ರೂಢಿ ಮಾಡಿಕೊಂಡಿದ್ದೇವೆ. ಖಾಲಿ ಚೌಕ ಕಂಡರೆ ಹೆಸರನ್ನು ಬರೆದುಕೊಂಡು ಆ ಬಡಾವಣೆಯ ಆಶಾ ಕಾರ್ಯಕರ್ತೆಗೆ ತಿಳಿಸುತ್ತೇವೆ. ಮಠಗಳು ನಡೆಸುವ ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳು ಒಂದೇ ಕೋಣೆಯಲ್ಲಿ ಮಲಗಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಜೂನ್ ತಿಂಗಳ ಪ್ರವೇಶದ ವೇಳೆಯಲ್ಲಿ ಜಾತಿ ಪ್ರಮಾಣಪತ್ರ, ಆಧಾರ್, ವರ್ಗಾವಣೆ ಪತ್ರಗಳ ಜೊತೆಗೆ ಲಸಿಕೆಯ ದಾಖಲೆಯನ್ನೂ ಕೇಳುವ ಪದ್ಧತಿಯನ್ನು ಆಡಳಿತ ಮಂಡಳಿಗಳು ತರಬೇಕೆಂದು ಭಿನ್ನವಿಸಿಕೊಳ್ಳುತ್ತೇವೆ. ದಾಖಲೆಯಿಲ್ಲವೆಂದು ಯಾವ ಮಗುವನ್ನೂ ಹಿಂದಿರುಗಿಸಬಾರದು. ಸೇರಿಸಿಕೊಂಡು, ಆ ವಾರದಲ್ಲಿಯೇ ಹಾಕಿಸಬೇಕು.

ಕಾರ್ಡು ಕಳೆದುಹೋಗಿದ್ದರೆ, ಹಾಕಿಸಿದೆಯೋ ಇಲ್ಲವೋ ನೆನಪಿಲ್ಲದಿದ್ದರೆ, ಇನ್ನೊಮ್ಮೆ ಹಾಕಿಸುವುದರಿಂದ ಕೆಡುಕಿಲ್ಲ. ಎರಡು ವರ್ಷ ದಾಟಿದ್ದರೂ ತಡವಾಯಿತೆಂದು ಬಿಡಬಾರದು, ಐದು ವರ್ಷದವರೆಗಿನ ಮಕ್ಕಳಿಗೆ ಸರ್ಕಾರಿ ಕೇಂದ್ರಗಳಲ್ಲಿ ತಪ್ಪಿದ ಡೋಸನ್ನು ಹಾಕುತ್ತಾರೆ. ಮನೆಯಲ್ಲಿ ಅಥವಾ ನೆರೆಯಲ್ಲಿ ಒಂದು ಮಗುವಿಗೆ ದಡಾರ ಬಂದಿದ್ದು ಉಳಿದ ಮಕ್ಕಳಿಗೆ ಲಸಿಕೆಯಾಗಿಲ್ಲದಿದ್ದರೆ, ಸಂಪರ್ಕವಾದ 72 ಗಂಟೆಗಳೊಳಗೆ ಹಾಕಿಸಿದರೂ ರೋಗ ತಪ್ಪುವ ಅಥವಾ ಸೌಮ್ಯವಾಗುವ ಸಂಭವವಿದೆ. ರೋಗವೆದ್ದ ಮಗುವನ್ನು ದದ್ದು ಕಂಡ ಮೇಲೆ ನಾಲ್ಕು ದಿನ ಶಾಲೆಗೂ ಜಾತ್ರೆಗೂ ಕಳುಹಿಸಬೇಡಿ, ಮತ್ತು ಆಶಾ ಕಾರ್ಯಕರ್ತೆಗೆ ಅದೇ ದಿನ ತಿಳಿಸಿ. ಅವರು ಬಂದು ರಕ್ತದ ಮಾದರಿ ತೆಗೆದರೆ ಬೇಡವೆನ್ನಬೇಡಿ. ರೋಗ ದಡಾರವೇ ಹೌದೆಂದು ಗೊತ್ತಾದರೆ ಆ ಓಣಿಯ ಉಳಿದ ಮಕ್ಕಳ ಕಾರ್ಡುಗಳನ್ನು ಅಂದೇ ನೋಡಲು ಸಾಧ್ಯವಾಗುತ್ತದೆ.